ಕೆನ್ನೆಯಲ್ಲಿ ಗೀರಿದ್ದ ರಾಜ

ಕೆಲಸದ ಮೇಲೆ ಒಮಾನಿನ ಇಬ್ರಿ ಪಟ್ಟಣಕ್ಕೆ ಹೋಗಿದ್ದ ನನ್ನ ಗಂಡ ಸೀಬ್‌ನ ನಮ್ಮ ಮನೆಗೆ ಮರಳುವಾಗ ನನಗೊಂದು ಚಿನ್ನದ ನಾಣ್ಯ ಕೊಂಡು ತಂದರು. ಅದರ ಮೇಲೆ ಎಲೆಗಳ ಮಾಲೆಯನ್ನು ತಲೆಗೆ ಸುತ್ತಿಕೊಂಡ ಗಡ್ಡದ ರಾಜ. ತಲೆಯ ಹಿಂದೆ ರೋಮನ್ ಅಂಕಿಯಲ್ಲಿ ಇಪ್ಪತ್ತು. ನಾನೂರು ವರ್ಷಗಳ ಹಿಂದೆ, ಸ್ಟುವರ್ಟ್ ಮನೆತನದ ಮೊದಲ ದೊರೆ ಇಂಗ್ಲೆಂಡನ್ನು ಆಳುತ್ತಿದ್ದಾಗ ಹೊರಡಿಸಿದ ಇಪ್ಪತ್ತು ಶಿಲ್ಲಿಂಗಿನ ನಾಣ್ಯವಂತೆ.

"ಇಂಗ್ಲೆಂಡಿನದ್ದು ಇಬ್ರಿಗೆ ಹೇಗೆ ಬಂತು?" ಎಂದೆ.

"ಹಡಗಲ್ಲಿ ಬಂದಿರ್ಬಹುದು. ನಿಂಗೆ ಎಲ್ಲದರಲ್ಲೂ ಸಂಶಯ ಮಾರಾಯ್ತಿ!"

ಸಂಶಯವೇ. ಮನೆಗೆ ಹತ್ತಿರದ ಅಜೈಬಾದ ಅಕ್ಕಸಾಲಿಗ ಉಜ್ಜಿ ನೋಡಿ, ಚಿನ್ನ ಅಪ್ಪಟ ಎಂದ. ಆದರೂ ನನಗೆ ಸಮಾಧಾನವಾಗಲಿಲ್ಲ. ಚಿನ್ನ ಅಸಲಿಯಾದರೆ ನಾಣ್ಯವೂ ಅಸಲಿಯಾಗಬೇಕೆಂದೇನಿಲ್ಲವಲ್ಲ. ದಿನವೂ ತೆಗೆದು ನೋಡುತ್ತಿದ್ದೆ. ರಾಜನ ಕಣ್ಣಿನಿಂದ ಗಡ್ಡದವರೆಗೆ ಇಳಿದಿದ್ದ ಓರೆ ಗೀರು ನನಗೆ ಬಾಯಿಪಾಠವಾಗಿಬಿಟ್ಟಿತು.

ಕೊನೆಗೆ ಒಂದು ಶುಕ್ರವಾರ ಇಬ್ಬರೂ ಇಬ್ರಿಗೆ ಹೋದೆವು. ಗಂಡ ನಾಣ್ಯ ಕೊಂಡಿದ್ದು ಹಳೆಯ ಬೆಳ್ಳಿ ಒಡವೆಗಳ ಅಂಗಡಿಯಲ್ಲಿ. ಅಂಗಡಿಯ ಒಮಾನಿ ಮುದುಕ ನಗುತ್ತ ಪುಟ್ಟ ಬಟ್ಟಲಲ್ಲಿ ಕಹ್ವಾ ಕಾಫಿ ಕೊಟ್ಟ. ನಾನು ಗಾಜಿನ ಪೆಟ್ಟಿಗೆಯೊಳಗೆ ಕಣ್ಣು ಹಾಯಿಸಿದೆ. ಬಳೆಗಳ ನಡುವೆ ಇನ್ನೊಂದು ಚಿನ್ನದ ನಾಣ್ಯ! ಅದೇ ರಾಜ, ಅದೇ ಕೆನ್ನೆ, ಅದೇ ಓರೆ ಗೀರು.

ನಾವು ತಂದಿದ್ದ ನಾಣ್ಯವನ್ನೂ ಅದನ್ನೂ ಅಕ್ಕಪಕ್ಕ ಇಡಿಸಿ, "ಚಾಚಾ, ಎರಡಕ್ಕೂ ಒಂದೇ ಗೀರು ಹೇಗೆ?" ಎಂದು ಹಿಂದಿಯಲ್ಲಿ ಕೇಳಿದೆ.

ಆತ ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದ. "ನನಗೂ ಮೋಸವಾಗಿದೆ ಬೇಟಿ. ಎರಡನ್ನೂ ಒಬ್ಬನೇ ಮಾರಿದ್ದು" ಎಂದ.

ಗಂಡ ನನ್ನ ಕಿವಿಯಲ್ಲಿ, "ಒಂದು ಅಸಲಿ ಇರ್ಬಹುದು. ಅದರ ಅಚ್ಚು ತೆಗೆದು ಇನ್ನೊಂದನ್ನು ಎರಕ ಹೊಯ್ದಿದ್ದಾರೆ" ಎಂದರು.

ಯಾವುದು ಅಸಲಿ? ಯೋಚಿಸುವಷ್ಟರಲ್ಲಿ ಮುದುಕ, ನಾವು ಬಾಯಿ ಬಿಟ್ಟು ಕೇಳುವ ಮೊದಲೇ, ಕೊಟ್ಟ ಹಣವನ್ನೆಲ್ಲ ಹಿಂತಿರುಗಿಸಿ "ಖಲಾಸ್" ಎಂದ. ಅಂಗಡಿಯಲ್ಲಿದ್ದ ನಾಣ್ಯವನ್ನು ಮತ್ತೆ ಗಾಜಿನ ಪೆಟ್ಟಿಗೆಗೆ ಹಾಕಿದ. ನಮ್ಮದನ್ನು ಮಾತ್ರ ತಾನು ತೊಟ್ಟ ಬಿಳಿ ನಿಲುವಂಗಿಯ, ದಿಶ್‌ದಾಶಾದ, ಜೇಬಿಗಿಳಿಸಿದ.

ಕಾರಿನಲ್ಲಿ ಗಂಡ, "ಪಾಪ, ಆ ಮುದುಕನಿಗೂ ಟೋಪಿ ಹಾಕಿದ್ದಾರೆ" ಎಂದರು.

"ಮತ್ತೆ ನಮ್ಮದನ್ನು ಯಾಕೆ ಜೇಬಿಗೆ ಹಾಕಿಕೊಂಡ?"

ಅವರು ಕಾರನ್ನು ನಿಧಾನ ಮಾಡಿದರು. ಮತ್ತೆ ವೇಗ ಹೆಚ್ಚಿಸಿದರು. ಕೊಟ್ಟ ಹಣವೆಲ್ಲ ಕೈಗೆ ಬಂದಮೇಲೆ ವಾಪಸ್ಸು ಹೋಗಿ ಏನೆಂದು ಕೇಳುವುದು?

ಮುಂದಿನ ಸಲ ಇಬ್ರಿಗೆ ಹೋದಾಗ ಅವರು ಆ ಅಂಗಡಿಯೊಳಗೆ ಇಣುಕಿ ಬಂದರು. ಪೆಟ್ಟಿಗೆಯಲ್ಲಿದ್ದ ನಾಣ್ಯವನ್ನು ಮುದುಕ ಬೇರೆ ಯಾರಿಗೋ ತೋರಿಸುತ್ತಿದ್ದನಂತೆ, ನಾನೂರು ವರ್ಷ ಹಳೆಯದು ಎಂದು.