ಐದು ಗಂಟೆಗೆ ಏಳುವವನು

ಯಾರಾದರೂ ನನ್ನ ಬಗ್ಗೆ ನನ್ನನ್ನೇ ಕೇಳಿದರೆ ನಾನು ಸುಳ್ಳು ಹೇಳುತ್ತೇನೆ. ದೊಡ್ಡ ಸುಳ್ಳೇನಲ್ಲ. ಊಟ ಆಯಿತೇ ಎಂದರೆ ಆಗದಿದ್ದರೂ ಆಯಿತು ಅನ್ನುವುದು, ಹಲ್ಲುನೋವಿನಲ್ಲೂ ಆರಾಮಿದ್ದೇನೆ ಅನ್ನುವುದು. ನೀವೂ ಹೇಳುವಂಥವೇ. ಇಂಥ ಸುಳ್ಳುಗಳಿಗೂ ಕೈಕಾಲು ಬರುತ್ತವೆ ಎಂಬುದು ಮಾತ್ರ ನನಗೆ ಗೊತ್ತಿರಲಿಲ್ಲ.

ಕೊಟ್ಟೂರಿನ ಕಡೆ ಮೊಬೈಲು ಇನ್ನೂ ತಲೆ ಹಾಕಿರದ ವರ್ಷಗಳ ಮಾತು. ಮೇಷ್ಟ್ರಾದ ನಾನು ಸಂಜೆ ಶಾಲೆ ಬಿಟ್ಟ ಮೇಲೆ ನನ್ನ ಬಾಲ್ಯದ ಗೆಳೆಯ ರಫೀಕನ ಗ್ಯಾರೇಜಿನಲ್ಲಿ, ಹಳೇ ಟೈರಿನ ಮೇಲೆ ಕೂತು ಲೋಕದ ವಿಚಾರ ಮಾಡುವುದು ವಾಡಿಕೆ. ಆ ವರ್ಷ ಅವನ ಮಗಳು ಕಾಲೇಜು ಮುಗಿಸಿ, ಇಷ್ಟ, ಅಭ್ಯಾಸ, ಗುರಿ ಎಂದು ಪ್ರಶ್ನೆಗಳು ಅಚ್ಚಾದ ಸ್ಲ್ಯಾಮ್ ಬುಕ್ಕನ್ನು ಗೆಳತಿಯರಿಂದ ಬರೆಸಿಕೊಂಡಿದ್ದಳು. ಅದರಲ್ಲಿ ಉಳಿದ ಖಾಲಿ ಹಾಳೆಗಳನ್ನು ರಫೀಕ ಗ್ಯಾರೇಜಿಗೆ ಹೊತ್ತು ತಂದ. "ಹುಡುಗ್ರಷ್ಟ ಬರೀಬೇಕೇನು? ನಾವೂ ಬರಿಯೂಣು ಬಾರಲೇ ಸಿದ್ಲಿಂಗ" ಎಂದ. ನಲವತ್ತು ದಾಟಿದ ನಾವಿಬ್ಬರೂ ಪರೀಕ್ಷೆಗೆ ಕೂತವರಂತೆ ಕೂತೆವು.

ಬೆಳಿಗ್ಗೆ ಎಷ್ಟಕ್ಕೆ ಏಳುತ್ತೀರಿ? ಐದಕ್ಕೆ ಎದ್ದು ಕೆರೆ ಏರಿಯ ಮೇಲೆ ವಾಯುವಿಹಾರ, ಎಂದು ಬರೆದೆ. ಚಹಾ ಹೇಗಿರಬೇಕು? ಸಕ್ಕರೆ ಇಲ್ಲದ್ದು. ಬೇರೆ ಯಾರಿಗೂ ಇಲ್ಲದ ನಿಮ್ಮ ಅಭ್ಯಾಸ ಯಾವುದು? ಹಿಂದಿನಿಂದ ಯಾರು ಕೂಗಿದರೂ ತಿರುಗಿ ನೋಡುವುದಿಲ್ಲ. ನಿಜ ಹೇಳಬೇಕೆಂದರೆ, ಹೆಂಡತಿ ಮೂರು ಸಲ ಕೂಗಿದ ಮೇಲೆ ಏಳೂವರೆಗೆ ಏಳುವವನು ನಾನು. ಚಹಾಕ್ಕೆ ಮೂರು ಚಮಚ ಸಕ್ಕರೆ ಬೇಕು. ಬಜಾರಿನಲ್ಲಿ ಯಾರನ್ನು ಯಾರು "ಸರ" ಎಂದು ಕರೆದರೂ ಮೊದಲು ತಿರುಗುವ ಕತ್ತು ನನ್ನದೇ.

ಕೊನೆಯ ಪ್ರಶ್ನೆ ಜೀವನದ ಗುರಿಯದು. ಅಲ್ಲಿ ಪೆನ್ನು ನಿಂತಿತು. ಏನೇನೋ ಘನವಾದದ್ದು ಬರೆಯಬೇಕೆಂದಿದ್ದೆ. ಕೈ ಮಾತ್ರ ತನ್ನ ಪಾಡಿಗೆ, "ಹರಪನಹಳ್ಳಿಗೆ ಹೋಗಿ ಅಕ್ಕನನ್ನು ಪಂಚಮಿಗೆ ಕರೆದು ತರುವುದು" ಎಂದು ಬರೆದುಬಿಟ್ಟಿತು.

ಇದೂ ಒಂದು ಗುರಿಯೇ ಎಂದು ನಗಬೇಡಿ. ನಮ್ಮ ಕಡೆ ನಾಗರ ಪಂಚಮಿಗೆ ಹೆಣ್ಣುಮಗಳನ್ನು ತವರಿನವರು ಖುದ್ದಾಗಿ ಹೋಗಿ ಕರೆಯಬೇಕು. ನಾಲ್ಕು ವರ್ಷದ ಹಿಂದೆ ನಾನು ಮೈಗಳ್ಳತನ ಮಾಡಿ, ಹರಪನಹಳ್ಳಿ ಬಸ್ಸಿನ ಡ್ರೈವರನಿಗೆ ಅಕ್ಕನನ್ನು ಕರೆತರಲು ಹೇಳಿ ಕಳಿಸಿದ್ದೆ. ಸಂಜೆ ಅದೇ ಡ್ರೈವರ್ ಗೌರಕ್ಕನ ಉತ್ತರ ತಂದ: "ಬಸ್ಸಿನಾಗ ಹಾಕಿ ಕಳಿಸಾಕ ನಾನೇನು ಪಾರ್ಸಲ್ ಏನು?" ಆ ವರ್ಷ ಅವಳು ಬರಲಿಲ್ಲ. ಮರುವರ್ಷ ಹೋಗಲು ನನಗೆ ನಾಚಿಕೆ. ಅದರ ಮರುವರ್ಷ, ಹೋದ ವರ್ಷ ಹೋಗಲಿಲ್ಲವಲ್ಲ ಎಂಬ ನಾಚಿಕೆ. ಅವ್ವ ತೀರಿಕೊಂಡ ಮೇಲೆ ನನ್ನ ತಲೆಗೆ ಎಣ್ಣೆ ಹಚ್ಚಿ ಶಾಲೆಗೆ ಕಳಿಸಿದವಳು ಆಕೆ. ಅವಳಿಲ್ಲದ ಪಂಚಮಿಯಲ್ಲಿ ಶೇಂಗಾ ಉಂಡಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ವಾರ ಕಳೆದಿರಬಹುದು. ರಫೀಕ ನನ್ನ ಬೆನ್ನು ತಟ್ಟಿದ. "ಬರದಂಗ ನಡಕಂತಿಯಲ್ಲಲೇ! ಮುಂಜಾನಿ ಕೆರಿ ಏರಿ ಮ್ಯಾಲೆ ಹೊಂಟಿದ್ದಿ. ಎರಡು ಸಲ ಕೂಗಿದೆ, ತಿರುಗಿ ಸುದ್ದಾ ನೋಡ್ಲಿಲ್ಲ."

ಆ ಹೊತ್ತಿಗೆ ನಾನು ಗೊರಕೆ ಹೊಡೆಯುತ್ತಿದ್ದೆ. ಆದರೆ ಪುಕ್ಕಟೆ ಸಿಕ್ಕ ಹೊಗಳಿಕೆಯನ್ನು ಯಾರು ಬಿಡುತ್ತಾರೆ? "ಅಭ್ಯಾಸ ಆಗೇತಪ್ಪ" ಎಂದೆ. ಮನೆಗೆ ಬಂದು ಹೇಳಿದಾಗ ಹೆಂಡತಿ ಬಿದ್ದು ಬಿದ್ದು ನಕ್ಕಳು. ನಾನೂ ನಕ್ಕೆ.

ಮುಂದಿನ ವಾರ ಕಚೇರಿ ಕೆಲಸಕ್ಕೆಂದು ಕೂಡ್ಲಿಗಿಗೆ ಹೋದೆ. ಬಸ್ ಸ್ಟ್ಯಾಂಡಿನ ಎದುರಿನ ಹೋಟೆಲಿನವನು ನಾನು ಬಾಯಿ ತೆರೆಯುವ ಮೊದಲೇ ಚಹಾ ತಂದಿಟ್ಟ. ಒಂದು ಗುಟುಕಿಗೇ ಮುಖ ಕಿವುಚಿದೆ. "ಸಕ್ಕರಿ ಹಾಕಬ್ಯಾಡ ಅಂತ ನಿನ್ನಿ ನೀವ ಹೇಳಿದ್ರಲ್ರಿ ಸರ" ಎಂದ. ನಾನು ಕೂಡ್ಲಿಗಿಗೆ ಕಾಲಿಟ್ಟು ಆರು ತಿಂಗಳಾಗಿತ್ತು. ಆ ಸಪ್ಪೆ ಚಹಾವನ್ನು ಅಷ್ಟೂ ಕುಡಿದೆ, ಮರುಮಾತಾಡಲು ಹೆದರಿಕೆಯಾಗಿತ್ತು.

ಪುರಾಣದಲ್ಲಿ ಸೂರ್ಯನ ಹೆಂಡತಿ ಗಂಡನ ಬಿಸಿ ತಾಳಲಾರದೆ, ತನ್ನ ನೆರಳನ್ನು ಮನೆಯಲ್ಲಿಟ್ಟು ತವರಿಗೆ ಹೋದಳಂತೆ. ಲೋಕವನ್ನೆಲ್ಲ ನೋಡುವ ಸೂರ್ಯನಿಗೇ ಬಹುಕಾಲ ಅದು ತಿಳಿಯಲಿಲ್ಲ. ಇನ್ನು ಕನ್ನಡಕ ಮರೆತು ತಿರುಗುವ ರಫೀಕನಿಗೆ ಏನು ತಿಳಿದೀತು? ಹೀಗೆಲ್ಲ ಯೋಚಿಸಿ ಸಮಾಧಾನ ಮಾಡಿಕೊಳ್ಳಲು ನೋಡಿದೆ. ಆದರೆ ನನ್ನ ರೂಪದಲ್ಲಿ ತಿರುಗುತ್ತಿದ್ದ ಆ ಇನ್ನೊಬ್ಬ, ನಾನು ಬರೆದ ನಾಲ್ಕು ಉತ್ತರಗಳಲ್ಲಿ ಮೂರನ್ನು ಮುಗಿಸಿದ್ದ. ಪಂಚಮಿಗೆ ಉಳಿದದ್ದು ಮೂರೇ ದಿನ.

ಮರುದಿನ ಯಾರೂ ಕೂಗದೆ ಐದಕ್ಕೆ ಎಚ್ಚರವಾಯಿತು. ಕೆರೆ ಏರಿಗೆ ಹೋದೆ. ಶ್ರಾವಣದ ಜಿಟಿಜಿಟಿ, ಮಬ್ಬು ಬೆಳಕು. ಮುಂದೆ ಒಬ್ಬ ನಡೆದು ಹೋಗುತ್ತಿದ್ದ. ಎಡ ಭುಜ ತುಸು ಇಳಿಬಿದ್ದಿತ್ತು, ನನ್ನದರಂತೆ. ತೊಟ್ಟದ್ದು ನನ್ನ ಬೂದು ಅಂಗಿ. ಆ ಅಂಗಿಯನ್ನು ಹೆಂಡತಿ ರಾತ್ರಿಯೇ ಬಕೆಟ್ಟಿನಲ್ಲಿ ನೆನೆಹಾಕಿದ್ದಳು. "ಸಿದ್ಲಿಂಗಪ್ಪಾ!" ಎಂದು ಕೂಗಿದೆ. ನಿಮ್ಮ ಹೆಸರನ್ನು ನೀವೇ ಕೂಗಿ ನೋಡಿ, ಮೈಮೇಲಿನ ಕೂದಲು ಹೇಗೆ ನಿಲ್ಲುತ್ತದೆ ಎಂದು ತಿಳಿಯುತ್ತದೆ. ಅವನು ತಿರುಗಲಿಲ್ಲ. ಏರಿ ಇಳಿದು ಬಸ್ ಸ್ಟ್ಯಾಂಡಿನ ದಾರಿ ಹಿಡಿದ. ನಾನು ಏದುಸಿರು ಬಿಡುತ್ತ ಮುಟ್ಟುವಷ್ಟರಲ್ಲಿ ಹರಪನಹಳ್ಳಿಯ ಮೊದಲ ಬಸ್ಸು ಹೊರಟು ಹೋಗಿತ್ತು.

ಅಕ್ಕ ಅವನ ಜೊತೆ ಬಂದುಬಿಟ್ಟರೆ? ಅವಳನ್ನು ಅವನು ಯಾವ ಮನೆಗೆ ಕರೆದುಕೊಂಡು ಹೋಗುತ್ತಾನೆ? ಮನೆಗೂ ಹೇಳದೆ, ಮನೆಯಲ್ಲಿ ಹಾಕುವ ಹವಾಯಿ ಚಪ್ಪಲಿಯಲ್ಲೇ ಎರಡನೇ ಬಸ್ಸು ಹತ್ತಿದೆ.

ಅಕ್ಕ ಬಾಗಿಲಲ್ಲೇ ನಿಂತಿದ್ದಳು. ಕೂದಲು ಬೆಳ್ಳಗಾಗಿತ್ತು. ನನ್ನನ್ನು ಕಂಡು ಆಶ್ಚರ್ಯವನ್ನೇ ಪಡಲಿಲ್ಲ.

"ನಾಕು ದಿನದಿಂದ ಆ ಓಣಿ ತುದಿಗೆ ನಿಂತು ನಿಂತು ಹೋಗಾಕತ್ತಿಯಲ್ಲ. ಈಗ ಒಂದು ತಾಸಿನ ಹಿಂದೂ ನಿಂತಿದ್ದಿ. ಕಾಲಿಗೆ ಏನಾಗಿತ್ತಲೇ ನಿನಗ?"

ಅದು ನಾನಲ್ಲ ಅನ್ನಲು ಬಾಯಿ ತೆರೆದೆ. ಆದರೆ ನಾನಲ್ಲ ಎಂದರೆ ಅವಳ ತಮ್ಮ ಬಂದೇ ಇರಲಿಲ್ಲ ಎಂದಾಗುತ್ತಿತ್ತು.

"ನಾಚಿಕಿ ಆಗಿತ್ತಕ್ಕ" ಎಂದೆ. "ಪಂಚಮಿಗೆ ಕರಿಯಾಕ ಬಂದೀನಿ."

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. "ನಾನೂ ಬಾಗಲದಾಗ ನಿಂತು ನೋಡಿದೆ, ಕರೀಲಿಲ್ಲ ನೋಡು. ನನಗೂ ಸೊಕ್ಕು. ಒಳಗ ಬಾ, ಒಂದೀಟು ಚಾ ಕುಡದು ಹೋಗೂಣು."

ಊಟ ಮಾಡಿಸದೆ ಬಿಡಲಿಲ್ಲ. ಮಧ್ಯಾಹ್ನ ಅವಳ ಚೀಲ ಹೊತ್ತು ಇಬ್ಬರೂ ಹೊರಟೆವು. ಓಣಿಯ ತುದಿಗೆ ಬಂದಾಗ ಅಕ್ಕ, "ಇಲ್ಲೇ ನಿಂದರ್ತಿದ್ದಿಯಲ್ಲ" ಎಂದು ಒಂದು ಬೇವಿನ ಗಿಡದ ಬುಡ ತೋರಿಸಿ ಮುಂದೆ ನಡೆದಳು. ಅಲ್ಲಿ ಯಾರೂ ಇರಲಿಲ್ಲ. ಹಸಿ ಮಣ್ಣಿನಲ್ಲಿ ಹೆಜ್ಜೆ ಗುರುತುಗಳಿದ್ದವು, ಒಂದರ ಮೇಲೊಂದು, ಬಹಳ ಹೊತ್ತು ಕಾಲು ಬದಲಿಸುತ್ತ ನಿಂತವನವು. ನಾನೂ ಅಲ್ಲಿ ನಿಂತು ನೋಡಿದೆ. ಅಕ್ಕನ ಮನೆಯ ಬಾಗಿಲು ಅಲ್ಲಿಂದ ಎದುರಿಗೇ ಕಾಣುತ್ತಿತ್ತು. ಹೆಚ್ಚೆಂದರೆ ಇಪ್ಪತ್ತು ಹೆಜ್ಜೆ. ಐದಕ್ಕೆ ಏಳುವವನು, ಸಕ್ಕರೆ ಬಿಟ್ಟವನು, ಯಾರು ಕೂಗಿದರೂ ತಿರುಗದವನು, ಎಲ್ಲದರಲ್ಲೂ ನನಗಿಂತ ಮೇಲಾಗಿದ್ದವನು, ಆ ಇಪ್ಪತ್ತು ಹೆಜ್ಜೆಯ ಎದುರು ಮಾತ್ರ ಥೇಟ್ ನಾನೇ ಆಗಿದ್ದ. ಆವತ್ತಿನವರೆಗೆ ಅವನ ಬಗ್ಗೆ ಇದ್ದ ಹೆದರಿಕೆ ಹೋಗಿ, ಪಾಪ ಅನ್ನಿಸಿತು.