ಮಗ್ಗದ ಮನೆಯೊಳಗಿನ ಮೋಡ

ಬನಹಟ್ಟಿಯ ನಮ್ಮ ಮನೆಯ ಮಗ್ಗದ ಕೋಣೆಯಲ್ಲಿ, ಬಾಗಿಲ ಪಕ್ಕದ ಗೋಡೆಗೆ, ಕಬ್ಬಿಣದ ಹಿಡಿಯ ಹಳೆಯ ಮೇನ್ ಸ್ವಿಚ್ಚೊಂದಿದೆ. ಅವ್ವ ಸೋಮವಾರಕ್ಕೊಮ್ಮೆ ಅದಕ್ಕೆ ವಿಭೂತಿ ಹಚ್ಚುತ್ತಾಳೆ. ಹಿಡಿ ಮಾತ್ರ ಅವಳ ಕೈ ತಾಗಿ ತಾಗಿ ನುಣುಪಾಗಿ, ಕಪ್ಪಗೆ ಹೊಳೆಯುತ್ತದೆ. ಓದುವ ಗೆಳೆಯರೇ, ನಿಮ್ಮ ಮನೆಯ ಸ್ವಿಚ್ಚಿಗೆ ದೀಪ ಹಚ್ಚಿ ಆರಿಸುವುದಷ್ಟೇ ಕೆಲಸವಿದ್ದೀತು. ನಮ್ಮ ನೇಕಾರರ ಓಣಿಯಲ್ಲಿ ಯಾರಾದರೂ ತೀರಿಕೊಂಡರೆ ಪ್ರತಿ ಮನೆಯವರೂ ಮಗ್ಗದ ಮೇನ್ ಇಳಿಸುತ್ತಾರೆ. ಹೆಣದ ಮಣ್ಣು ಮುಗಿಯುವ ತನಕ ಆ ಕೋಣೆಯಲ್ಲಿ ಸದ್ದೂ ಇಲ್ಲ, ಬೆಳಕೂ ಇಲ್ಲ. ಖಟಖಟ ಕೇಳುತ್ತಲೇ ಬೆಳೆದ ನಮಗೆ ಸಾವಿನ ಸುದ್ದಿ ಮುಟ್ಟುವುದು ಆ ಸದ್ದು ನಿಂತಾಗಲೇ.

ಹೋದ ವರ್ಷ ನನ್ನ ತಮ್ಮ ಈರಣ್ಣ ಬೈಕಿನಿಂದ ಬಿದ್ದು ತೀರಿಕೊಂಡಾಗಲೂ ಓಣಿ ಹಾಗೆಯೇ ನಿಂತಿತ್ತು. ಅವನಿಗೊಂದು ಚಟವಿತ್ತು: ಮಗ್ಗದಿಂದ ಇಳಿದ ಸೀರೆಗಳ ಫೋಟೊ ತೆಗೆಯುವುದು, ವಿಡಿಯೊ ಮಾಡುವುದು. ಸೆರಗು ಹಿಡಿದು ನಿಲ್ಲುವವಳು ಅವ್ವ. ವಿಡಿಯೊದಲ್ಲಿ ಅವನು ಕಾಣುತ್ತಿರಲಿಲ್ಲ, ದನಿ ಮಾತ್ರ ಕೇಳುತ್ತಿತ್ತು. “ಅವ್ವಾ, ಚೂರ ಮ್ಯಾಲೆ ಹಿಡಿ. ನಗಬ್ಯಾಡ, ಸೀರಿ ಅಳ್ಳಾಡತೈತಿ.”

ಅವನೊಂದಿಗೆ ಬಿದ್ದ ಫೋನಿನಲ್ಲೇ ಅದೆಲ್ಲ ಉಳಿದಿತ್ತು. ಜಮಖಂಡಿಯ ರಿಪೇರಿಯವನು ಅದನ್ನು ತಿರುವಿ ನೋಡಿ, “ಬ್ಯಾಟರಿ ಸತ್ತೈತ್ರಿ. ಚಾರ್ಜರ್ ಹಚ್ಚಿದ್ರ ಇನ್ನೊಮ್ಮೆ ಹತ್ತಬಹುದು. ಆರಿತಂದ್ರ ಮತ್ತ ಹತ್ತೂದು ಸುಳ್ಳು. ಹತ್ತಿದಾಗ ಎಲ್ಲಾ ತಕ್ಕೊಂಡಬಿಡ್ರಿ” ಎಂದ. ಫೋನಿಗಿರುವುದೊಂದೇ ತೂತು, ಅದು ಚಾರ್ಜರಿಗೇ ಬೇಕು; ಹಾಗಾಗಿ ಒಳಗಿನದನ್ನು ವೈಫೈ ಮೇಲೆಯೇ ಇಳಿಸಿಕೊಳ್ಳಬೇಕು. ಬಾಡಿಗೆಯ ಕ್ಲೌಡಿನಲ್ಲಿ ನನಗೆ ನಂಬಿಕೆಯಿಲ್ಲ. ನಮ್ಮ ಸೀಮೆಯ ಮೋಡಗಳನ್ನೇ ನಂಬದವನು ಇನ್ನೊಬ್ಬರ ಮೋಡವನ್ನು ನಂಬುವುದುಂಟೆ? ಮನೆಯದೇ ಒಂದು ಮೋಡವಿರಲಿ, ಅವ್ವ ಕಂಡಿಕೆಗೆ ನೂಲು ಸುತ್ತುತ್ತ ಬೇಕೆಂದಾಗ ಮಗನ ದನಿ ಕೇಳಲಿ ಎಂದು ನನ್ನ ಹಳೆಯ ಕಂಪ್ಯೂಟರನ್ನು ಅಟ್ಟದಿಂದ ಕೆಳಗಿಳಿಸಿ ಧೂಳು ಕೊಡವಿದೆ. ಅದಕ್ಕೆ ಹಾಕಿದ ತಂತ್ರಾಂಶ ಹೊಸಬರಿಗೆಂದೇ ಮಾಡಿದ್ದು. ಚಿತ್ರಗಳ ಮೇಲೆ ಒತ್ತುತ್ತ ಹೋದರೆ ಫೋಟೊಕ್ಕೊಂದು, ಹಾಡಿಗೊಂದು ಕೋಣೆಯನ್ನು ತಾನೇ ಕಟ್ಟಿಕೊಡುತ್ತದೆ. ಯಂತ್ರಕ್ಕೆ ಹೆಸರೇನಿಡಲಿ ಎಂದು ಕೇಳಿತು. ಈರಣ್ಣ ಎಂದು ಬರೆದೆ. ಮನೆಯ ಲೈನಿಗಿಂತ ಮಗ್ಗದ ಲೈನು ಗಟ್ಟಿಯೆಂದು ಅದನ್ನು ಮೇನ್ ಸ್ವಿಚ್ಚಿನ ಕೆಳಗಿನ ಕಟ್ಟೆಯ ಮೇಲಿಟ್ಟೆ. ಅಲ್ಲೇ ಚಾರ್ಜರ್ ಸಿಕ್ಕಿಸಿದೆ, ಫೋನು ಹತ್ತಿತು. ಫೋಟೊಗಳು ಮೊದಲು, ಭಾರವಾದ ವಿಡಿಯೊಗಳು ಕೊನೆಗೆ ಎಂದು ಯಂತ್ರದ ಲೆಕ್ಕ.

“ಎಷ್ಟ ಬಂದ್ವೋ?” ಎಂದು ಅವ್ವ ನೂಲು ಬಿಟ್ಟೆದ್ದು ಬಂದು ಕೇಳಿದಳು.

“ಫೋಟೊ ಎಲ್ಲಾ ಬಂದ್ವು ಬೇ. ಇನ್ನ ಅವನ ದನಿ ಬರೂದೈತಿ.”

ಅಷ್ಟರಲ್ಲಿ ಎದುರು ಮನೆಯಿಂದ ಅಳು ಕೇಳಿತು. ಹಾಸಿಗೆ ಹಿಡಿದಿದ್ದ ಮುದುಕಿ ಗಂಗವ್ವ ಹೋಗಿಬಿಟ್ಟಿದ್ದಳು. ಅವ್ವ ಯೋಚಿಸಲಿಲ್ಲ, ಯೋಚಿಸಿ ಮಾಡುವ ಕೆಲಸವೂ ಅದಲ್ಲ. ಅವಳ ಕೈ ತಾನಾಗಿ ಮೇಲೆದ್ದು ಹಿಡಿಯನ್ನು ಕೆಳಗೆಳೆಯಿತು. ಮಗ್ಗಗಳು ನಿಂತವು, ಯಂತ್ರದ ದೀಪ ಆರಿತು, ತಮ್ಮನ ಫೋನು ಕಪ್ಪಾಯಿತು. ಹಿಡಿಯ ಮೇಲೆ ಕೈ ಇಟ್ಟವಳು ಹಾಗೆಯೇ ನಿಂತಳು.

“ಅಯ್ಯ, ಅವನ ಫೋನೋ...”

“ಏರಸಬೇ, ಈಗಿಂದೀಗ ಏರಸು,” ಎಂದೆ.

ಅವಳು ಫೋನನ್ನು ನೋಡಿದಳು, ಬಾಗಿಲಾಚೆ ನೋಡಿದಳು. “ಅಂವ ಹೋದ ದಿನಾ ಗಂಗವ್ವ ತನ್ನ ಮಗ್ಗ ಬಂದ್ ಮಾಡಿ ಬಂದು ನನ್ನ ತಲಿ ಹಿಡಕೊಂಡ ಕುಂತಿದ್ಳು. ಮಣ್ಣಾಗೂತನಾ ಏರಸಾಂಗಿಲ್ಲೋ,” ಎಂದು ತಲೆಗೆ ಸೆರಗು ಹೊದ್ದು ಹೊರಟಳು. ನನಗೆ ಸಿಟ್ಟು ಬಂದಿತ್ತು. ಅವ್ವನ ಮೇಲೆ ಬರಬೇಕಾದದ್ದು, ನಾಚಿಕೆಗೇಡಿ ಸಿಟ್ಟು, ಸತ್ತ ಮುದುಕಿಯ ಮೇಲೆ ಬಂತು.

ಸಂಜೆ ಮಣ್ಣು ಮುಗಿಸಿ ಬಂದು ಅವ್ವನೇ ಹಿಡಿ ಏರಿಸಿದಳು. ಯಂತ್ರ ತಾನಾಗಿ ಎದ್ದು, ಮುಂದುವರಿಸಲೇ ಎಂದು ವಿನಯದಿಂದ ಕೇಳಿತು. ಫೋನು ಏಳಲಿಲ್ಲ, ಜಮಖಂಡಿಯವನೂ ಕೈಚೆಲ್ಲಿದ. ಈಗ ತಮ್ಮನ ಹೆಸರಿನ ಪೆಟ್ಟಿಗೆಯಲ್ಲಿ ಸೀರೆಗಳಿವೆ, ಸೆರಗು ಹಿಡಿದ ಅವ್ವನ ಕೈಗಳಿವೆ, ಅವಳು ನಗು ತಡೆದ ಮುಖವಿದೆ. ಯಾರ ಮಾತಿಗೆ ನಗು ಬಂದಿತ್ತೋ ಅವನು ಮಾತ್ರ ಇಲ್ಲ. ಕಾಪಾಡುವುದೆಂದರೆ ಎಂದೂ ಆರದಂತೆ ನೋಡಿಕೊಳ್ಳುವುದೆಂದು ನಾನು ತಿಳಿದಿದ್ದೆ. ಸತ್ತವರಿಗಾಗಿ ಎಲ್ಲವನ್ನೂ ಆರಿಸಿ ಕೂರುವುದೇ ನಮ್ಮ ಓಣಿಗೆ ಗೊತ್ತಿರುವ ದಾರಿ. ಎರಡೂ ಒಂದೇ ತಂತಿಯ ಮೇಲೆ ಬರಬಾರದಿತ್ತು.

ಮೊನ್ನೆ ವೈರಿಂಗಿನವನನ್ನು ಕರೆಸಿ, ಮೇನ್ ಇಳಿಸಿದರೂ ಯಂತ್ರ ನಿಲ್ಲದಂತೆ ಬೇರೆ ಲೈನು ಎಳೆಯಲು ಹೇಳಿದೆ. ಅವ್ವ ಕಂಡಿಕೆಯಿಂದ ತಲೆ ಎತ್ತದೆ ಕೇಳಿದಳು: “ನಾ ಸತ್ತ ದಿನಾನೂ ಅದು ಹಂಗ ಉರಕೋತ ಕುಂಡ್ರತೈತೇನು?”

ವೈರಿಂಗಿನವನಿಗೆ ಚಹಾ ಕುಡಿಸಿ ಕಳಿಸಿದೆ. ಯಂತ್ರ ಇನ್ನೂ ಅದೇ ಲೈನಿನ ಮೇಲಿದೆ, ಅದೇ ಸ್ವಿಚ್ಚಿನ ಕೆಳಗೆ ಹಸಿರು ದೀಪ ಮಿಟುಕಿಸುತ್ತ. ಬರಬರುತ್ತ ಆ ನುಣುಪು ಹಿಡಿಯನ್ನು ನೋಡಲು ನನಗೆ ಹೆದರಿಕೆಯಾಗುತ್ತದೆ. ಅವ್ವ ಹೋಗುವ ದಿನ ಅದನ್ನು ಕೆಳಗೆಳೆಯಬೇಕಾದವನು ನಾನು.