ಗಾಜಕ್ಕನ ಹನ್ನೆರಡು ನೀರು

ಬೆಳಗಿನ ಆರು ಗಂಟೆ. ಪ್ರಯೋಗಾಲಯದ ಹಿಂದಿನ ತೊಳೆಯುವ ಕೋಣೆಯಲ್ಲಿ ಐವತ್ತೆರಡರ ಹೆಂಗಸೊಬ್ಬರು ಗಾಜಿನ ತಟ್ಟೆಯೊಂದನ್ನು ನಲ್ಲಿಗೆ ಹಿಡಿದು ಎಣಿಸುತ್ತಿದ್ದಾರೆ. "ಐದು, ಆರು, ಏಳು." ಅಲ್ಲಿಗೆ ಕೈ ತೆಗೆಯುತ್ತಾರೆ. ಪಕ್ಕದಲ್ಲಿ ನಿಂತ ಯುವ ವಿಜ್ಞಾನಿ ತಟ್ಟೆ ಇಸಿದುಕೊಂಡು "ಎಂಟು" ಎನ್ನುತ್ತಾರೆ. ವಿಜ್ಞಾನಿಗೇಕೆ ತೊಳೆಯುವ ಉಸಾಬರಿ ಎಂದರೆ ಇಬ್ಬರೂ ನಗುತ್ತಾರೆ.

ಇಲ್ಲಿ ಎಲ್ಲರಿಗೂ ಇವರು ಗಾಜಕ್ಕ. ಇಪ್ಪತ್ತೊಂದು ವರ್ಷದ ಗುತ್ತಿಗೆ ಕೆಲಸ, ದಿನಕ್ಕೆ ಎಂಬತ್ತು ತಟ್ಟೆ, ಒಂದೊಂದಕ್ಕೂ ಹನ್ನೆರಡು ನೀರು, ಅಂದರೆ ಹನ್ನೆರಡು ಸಲ ಜಾಲಾಡುವುದು. ಮೊಟ್ಟೆಯೊಳಗಿನ ಕೋಳಿಭ್ರೂಣದ ಹೃದಯದಿಂದ ಬಿಡಿಸಿದ ಜೀವಕೋಶಗಳನ್ನು ಈ ತಟ್ಟೆಗಳಲ್ಲಿ ಬೆಳೆಸುತ್ತಾರೆ. ಒಂದು ದಿನದೊಳಗೆ ಅವು ಗಾಜಿಗೆ ಅಂಟಿ, ಚಪ್ಪಟೆಯಾಗಿ ಹರಡಿಕೊಳ್ಳಬೇಕು. ಆಮೇಲೆ ಒಂದನ್ನೊಂದು ಮುಟ್ಟಿ ಒಟ್ಟಿಗೆ ಮಿಡಿಯಬೇಕು. ಸೋಪಿನ ಪಸೆ ಉಳಿದಿತ್ತೋ, ಗುಂಡಗೇ ಇದ್ದು ತೇಲಿ ಸಾಯುತ್ತವೆ. "ನಮ್ಮತ್ತೆಗಿಂತ ಜಾಸ್ತಿ ತಕರಾರು ಅವುಗಳದ್ದು," ಎನ್ನುತ್ತಾರೆ ಗಾಜಕ್ಕ.

ನಾಲ್ಕು ವರ್ಷದ ಹಿಂದೆ ಐದು ವಾರ ಒಂದು ಕೋಶವೂ ಅಂಟಲಿಲ್ಲ. ಈ ವಿಜ್ಞಾನಿ ಆಗಿನ್ನೂ ಸಂಶೋಧನಾ ವಿದ್ಯಾರ್ಥಿನಿ; ತಿಂಗಳ ಕೊನೆಯೊಳಗೆ ಫಲಿತಾಂಶ ಬಾರದಿದ್ದರೆ ಮೂರು ವರ್ಷದ ದುಡಿಮೆ ನೀರಿನಲ್ಲಿ ಹೋಮ. ಮೊಟ್ಟೆ ಬದಲಾಯಿಸಿದರು, ಪೋಷಕ ದ್ರವ ಬದಲಾಯಿಸಿದರು, ಕಾವುಪೆಟ್ಟಿಗೆ ಬಿಚ್ಚಿ ನೋಡಿದರು. ಗಾಜಕ್ಕನನ್ನು ಯಾರೂ ಕೇಳಲಿಲ್ಲ. ಮಣಿಕಟ್ಟಿನ ನೋವು ತಾಳಲಾರದೆ ಅವರು ಹನ್ನೆರಡು ನೀರನ್ನು ಏಳಕ್ಕೆ ಇಳಿಸಿದ್ದರು.

ಕೋಶ ಅಂಟದ ಸುದ್ದಿ ಕೊನೆಗೆ ಕಿವಿಗೆ ಬಿದ್ದು, ಮನೆಯಲ್ಲಿ ಬಾಯಿಬಿಟ್ಟಾಗ ಗಂಡ, ಬೀದೀಲಿ ಹೋಗೋ ಮಾರೀನ ಮನೆಗೆ ಕರೀಬೇಡ, ಸುಮ್ಮನಿರು ಎಂದರಂತೆ. ಈ ಕೆಲಸ ಹೋದರೆ ಆ ವಯಸ್ಸಿನಲ್ಲಿ ಇನ್ನೊಂದನ್ನು ಯಾರು ಕರೆದು ಕೊಡುತ್ತಾರೆ?

"ಎರಡು ದಿನ ಸುಮ್ನಿದ್ದೆ. ಆ ಹುಡುಗಿ ಸಿಂಕಿನ ಹತ್ರ ಬಂದು ಅಳ್ತಾ ನಿಂತಿದ್ಲು. ನನ್ನ ಕೈಯಿಂದ ಆಗಿದ್ದಕ್ಕೆ ಅವಳು ಯಾಕೆ ಅಳಬೇಕು? ಹೇಳಿಬಿಟ್ಟೆ."

ವಿದ್ಯಾರ್ಥಿನಿ ಅಂಗಿಯ ತೋಳು ಮಡಚಿ, ಉಳಿದ ಐದು ನೀರು ತಾವೇ ತೊಳೆದರು. ಮರುದಿನ ಕೋಶಗಳು ಅಂಟಿದ್ದವು, ಮೂರನೆಯ ದಿನ ಮಿಡಿದವು. ಆಗ ಆಕೆ ಗಾಜಕ್ಕನನ್ನು ಕರೆದೊಯ್ದು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದರು. ಕೆಲಸಕ್ಕೆ ಸೇರಿದ ಹದಿನೇಳು ವರ್ಷಗಳಲ್ಲಿ ಅದೇ ಮೊದಲು. "ಕಾಲು ಚಾಚ್ಕೊಂಡು ನನ್ನ ಗಾಜನ್ನ ಗಟ್ಟಿಯಾಗಿ ಹಿಡ್ಕೊಂಡಿದ್ವು. ಕಣ್ಣಲ್ಲಿ ನೀರು ಬಂತು, ಆಮೇಲೆ ಏನೂ ಕಾಣ್ಲಿಲ್ಲ."

ಕೆಲಸ ಉಳಿಯಿತು. ಮಣಿಕಟ್ಟು ಇನ್ನೂ ನೋಯುತ್ತದೆ. ವಿದ್ಯಾರ್ಥಿನಿ ಡಾಕ್ಟರೇಟ್ ಪಡೆದು ಇಲ್ಲೇ ಕೆಲಸಕ್ಕೆ ಸೇರಿದ್ದಾರೆ; ಕೊನೆಯ ಐದು ನೀರು ಈಗಲೂ ಅವರದೇ.

"ಏಳಾದ್ಮೇಲೆ ನಾನು ಸುಮ್ನೆ ನಿಂತು ಎಣಿಸ್ತೀನಿ," ಎನ್ನುತ್ತಾರೆ ಗಾಜಕ್ಕ. "ಒಂದು ದಿನಾನೂ ಅವಳು ಹನ್ನೊಂದಕ್ಕೆ ನಿಲ್ಲಿಸಿಲ್ಲ."